ಬೋರಕ್ಕನ ಬಟ್ಟಲು

ಬಲು ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡುವ ಮುಂಚೆ, ಒಂದೂರಿತ್ತಂತೆ. ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬಿಗೊಬ್ಬಳು ಬೋರಕ್ಕ ಇದ್ದಳಂತೆ. ಯಾವ ಊರು ಅಂತ ಕೇಳಬೇಡಿ. ನೀವು ಈಗ ಕೂತಿರೋ ಈ ಪಂಚಾಯ್ತಿ ಜಗಲಿ ಇದೆಯಲ್ಲ, ಇದೇ ಊರು, ಇದೇ ತಂಗಡಿಕೆರೆ. ಕರೆಂಟು ಹೋಗಿದೆ, ಒಳಗೆ ಕಂಪ್ಯೂಟರ್ ಬಾಯಿ ಮುಚ್ಚಿಕೊಂಡು ಕೂತಿದೆ. ಅದರ ಮುಂದೆ ಕೂತಿರೋ ಆ ಹುಡುಗಿಯನ್ನು ಬೈದು ಉಪಯೋಗವಿಲ್ಲ. ನಾನೂ ನಿಮ್ಮ ಹಾಗೇ ಪಿಂಚಣಿ ಕೆಲಸಕ್ಕೆ ಬಂದು ಕಾದವಳು. ಸುಮ್ಮನೆ ಕಾಯೋ ಬದಲು ಬೋರಕ್ಕನ ಕಥೆ ಕೇಳಿ.

ಆಗ ಪಂಚಾಯ್ತಿ ಇರಲಿಲ್ಲ, ಕಚೇರಿ ಇರಲಿಲ್ಲ. ಊರಿನ ಕೆಲಸ ಅಂದರೆ ನೀರಿನ ಕೆಲಸ. ತೂಬು ಎತ್ತಿ, ಕಾಲುವೆಗೆ ನೀರು ಬಿಟ್ಟು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಹಂಚುವವರಿಗೆ ನೀರಗಂಟಿ ಅಂತ ಹೆಸರು. ನೀರಗಂಟಿಗೆ ಆ ಕೆರೆಯ ಕೆಳಗೆ ಅಂಗೈಯಷ್ಟೂ ಗದ್ದೆ ಇರಬಾರದು, ಅದು ಕಟ್ಟಳೆ. ಸ್ವಂತ ಗದ್ದೆ ಇದ್ದವನ ಕೈಗೆ ತೂಬು ಕೊಟ್ಟರೆ ನೀರು ಯಾವ ಕಡೆ ತಿರುಗುತ್ತೆ ಅಂತ ಹಿಂದಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಸುಗ್ಗಿಯಲ್ಲಿ ಗದ್ದೆಗೊಂದು ಹೊರೆ ಭತ್ತ ನೀರಗಂಟಿಗೆ ಸಲ್ಲಬೇಕು. ಅದೇ ಅವರ ಆಯ, ಅದೇ ಅವರ ಸಂಬಳ.

ಬೋರಕ್ಕನ ಗಂಡ ಕರಿಯಣ್ಣ ನೀರಗಂಟಿಯಾಗಿದ್ದನಂತೆ. ಅವನು ತೀರಿಕೊಂಡಾಗ ಊರಿನವರು ಅರಳಿಕಟ್ಟೆಯ ಮೇಲೆ ಸೇರಿ, ಹೆಂಗಸು ತೂಬಿಗೆ ಇಳಿಯೋದುಂಟೇ ಅಂತ ತಲೆ ಕೆಡಿಸಿಕೊಂಡರಂತೆ. ಮಾತು ಬೆಳೆಯಿತು, ಬಿಸಿಲು ಏರಿತು, ಎಲೆಯಡಿಕೆ ಮುಗಿಯಿತು. ಅಷ್ಟರಲ್ಲಿ ಯಾರೋ ಒಬ್ಬರು ಕಾಲುವೆ ಕಡೆ ನೋಡಿದರೆ ನೀರು ಹರಿಯುತ್ತಿದೆ. ಬೋರಕ್ಕ ಆಗಲೇ ತೂಬು ಎತ್ತಿ ಬಂದಿದ್ದಳು. ಗಂಡ ಹಾಸಿಗೆ ಹಿಡಿದಾಗಿನಿಂದ ಅವಳೇ ಎತ್ತುತ್ತಿದ್ದಳಂತೆ, ಊರಿಗೆ ಗೊತ್ತೇ ಆಗಿರಲಿಲ್ಲ. ಗದ್ದೆಗೆ ನೀರು ಬಂದಿದ್ದಷ್ಟೇ ಗೊತ್ತು. ಅಲ್ಲಿಗೆ ಆ ಪಂಚಾಯ್ತಿ ಮುಗಿಯಿತು.

ಅವಳ ಬಗ್ಗೆ ಏನೇನೋ ಹೇಳ್ತಾರೆ. ಅವಳು ಕಾಲುವೆ ಪಕ್ಕ ನಡೆದರೆ ನೀರು ಕರುವಿನ ಹಾಗೆ ಹಿಂದೆ ಹಿಂದೆ ಬರುತ್ತಿತ್ತಂತೆ. ಕೆರೆ ಏರಿ ಬಿರುಕು ಬಿಟ್ಟಾಗ ಸೆರಗು ಒತ್ತಿ ನಿಲ್ಲಿಸಿದಳಂತೆ. ಸೆರಗು ಒತ್ತಿದರೆ ಏರಿ ನಿಲ್ಲುತ್ತಾ? ಹುಲ್ಲು, ಜೇಡಿಮಣ್ಣು, ಮರಳು, ಊರಿಗೆ ಊರೇ ಸೇರಿ ಒತ್ತಿರಬೇಕು. ಹೇಳುವವರು ಸೆರಗನ್ನಷ್ಟೇ ಉಳಿಸಿಕೊಂಡರು. ಆದರೆ ಬಟ್ಟಲಿನ ವಿಷಯ ನಾನು ನಂಬುತ್ತೇನೆ.

ಆ ಕಾಲದಲ್ಲಿ ನೀರಿನ ಸರದಿ ಅಳೆಯೋಕೆ ಗಳಿಗೆ ಬಟ್ಟಲು ಅಂತ ಒಂದಿತ್ತು. ಹಿತ್ತಾಳೆ ಬಟ್ಟಲು, ತಳದಲ್ಲಿ ಸಣ್ಣ ತೂತು. ಮಡಕೆ ನೀರಿನ ಮೇಲೆ ಅದನ್ನು ತೇಲಿಬಿಟ್ಟರೆ, ತೂತಿನಿಂದ ನೀರು ಏರಿ ಏರಿ, ತುಂಬಿದಾಗ ಡುಬಕ್ ಅಂತ ಮುಳುಗುತ್ತೆ. ಸಣ್ಣ ಗದ್ದೆಗೆ ಒಂದು ಬಟ್ಟಲು, ದೊಡ್ಡ ಗದ್ದೆಗೆ ಅದರ ಅಳತೆಗೆ ತಕ್ಕ ಹಾಗೆ. ಬಟ್ಟಲು ಮುಳುಗಿದರೆ ಸರದಿ ಮುಗೀತು, ಮುಳುಗದಿದ್ದರೆ ಇಲ್ಲ.

ಬೋರಕ್ಕ ಬರೋ ತನಕ ಆ ಮಡಕೆ, ಬಟ್ಟಲು ಇರುತ್ತಿದ್ದದ್ದು ಗೌಡರ ಮನೆ ಮುಂದಿನ ಕಟ್ಟೆಯ ಮೇಲೆ. ಬಟ್ಟಲು ಮುಳುಗಿತು ಅಂತ ಅಲ್ಲಿಂದ ಕೂಗಿದರೆ ಮುಳುಗಿತು. ಕಡೇ ಗದ್ದೆಯವರು ಅದನ್ನು ಕಣ್ಣಲ್ಲಿ ಕಂಡವರೇ ಅಲ್ಲ. ಬೋರಕ್ಕ ಏನು ಮಾಡಿದಳು ಅಂದರೆ, ಮಡಕೆಯನ್ನು ಸಿಂಬಿ ಮೇಲಿಟ್ಟು ತಲೆಗೇರಿಸಿಕೊಂಡಳು, ಬಟ್ಟಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಸನಿಕೆ ಹೆಗಲಿಗೆ ಹಾಕಿದಳು, ನಡೆದಳು. ಯಾರ ಸರದಿಯೋ ಅವರ ಗದ್ದೆ ಬದುವಿನ ಮೇಲೆ ಮಡಕೆ ಇಳಿಸಿ, ಅವರ ಕಣ್ಣ ಮುಂದೆಯೇ ಬಟ್ಟಲು ತೇಲಿಬಿಟ್ಟಳು. ನೋಡ್ಕಳಿ, ನಿಮ್ದು ನೀವೇ ನೋಡ್ಕಳಿ, ಅನ್ನುತ್ತಿದ್ದಳಂತೆ. ಕಣ್ಣು ಕಾಣದ ಮುದುಕರಿದ್ದರೆ ಡುಬಕ್ ಅನ್ನೋದು ಕೇಳಿಸಲಿ ಅಂತ ಮಡಕೆಯನ್ನು ಅವರ ಕಿವಿಯ ಹತ್ತಿರ ಇಡುತ್ತಿದ್ದಳಂತೆ. ಹಾಗಂತ ಹೇಳ್ತಾರೆ.

ನೀರು ಕೇಳಿಕೊಂಡು ಯಾರೂ ಅವಳ ಹಟ್ಟಿ ಬಾಗಿಲಿಗೆ ಬರಬೇಕಾಗಿರಲಿಲ್ಲ. ನಾಳೆ ನಿಮ್ಮ ಸರದಿ, ಗದ್ದೆ ಹತ್ತಿರ ಇರಿ ಅಂತ ಅವಳೇ ಹಿಂದಿನ ದಿನ ಹೋಗಿ ಹೇಳಿಬರುತ್ತಿದ್ದಳು. ಕೊಡೋಕೆ ಆಗದಿದ್ದರೆ, ಯಾಕೆ ಆಗೋದಿಲ್ಲ ಅಂತಲೂ ಎದುರಿಗೆ ನಿಂತು ಹೇಳುತ್ತಿದ್ದಳು. ನೀರು ಬಿಡೋ ಕಾಲದಲ್ಲಿ ಯಾರ ಮನೆಯ ಎಲೆಯಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ಮದುವೆಗೆ ಕರೆದರೆ ಹೋಗಿ, ಹೆಣ್ಣುಗಂಡಿಗೆ ಅಕ್ಷತೆ ಹಾಕಿ, ಊಟದ ಹೊತ್ತಿಗೆ ಬಾವಿಕಟ್ಟೆಗೆ ಹೋಗಿ ಕೂತು ತಾನು ಕಟ್ಟಿಕೊಂಡು ತಂದ ಮುದ್ದೆ ಉಣ್ಣುತ್ತಿದ್ದಳಂತೆ. ಹೋಳಿಗೆ ಊಟ ಬಿಟ್ಟು ತಣ್ಣನೆ ಮುದ್ದೆ ನುಂಗೋಕೆ ಎಂಥ ಗಟ್ಟಿ ಮನಸ್ಸು ಬೇಕು, ಯೋಚನೆ ಮಾಡಿ. ನನ್ನ ಕೈಲಂತೂ ಆಗುತ್ತಿರಲಿಲ್ಲ.

ಊರಿಗೆ ಮೂಡ್ಲಗಿರಿಗೌಡ ಅಂತ ಗೌಡ. ತೂಬಿಗೆ ಅಂಟಿಕೊಂಡೇ ಅವನ ಗದ್ದೆ. ಕಟ್ಟೆಯ ಮೇಲಿದ್ದ ಬಟ್ಟಲು ಗದ್ದೆ ಗದ್ದೆ ತಿರುಗೋಕೆ ಶುರು ಮಾಡಿದ್ದು ಅವನಿಗೆ ಹಿಡಿಸಲಿಲ್ಲ. ತನ್ನ ಕಬ್ಬಿಗೆ ಒಂದು ಬಟ್ಟಲು ಹೆಚ್ಚಿಗೆ ಬಿಡು ಅಂತ ಹೇಳಿಕಳಿಸಿದನಂತೆ. ಬೋರಕ್ಕ ಆಗಲ್ಲ ಅಂದಳು. ಬೆಲ್ಲದ ಕುಕ್ಕೆ ಕಳಿಸಿದನಂತೆ. ಕುಕ್ಕೆ ಹೋದ ಹಾಗೇ ವಾಪಸ್ಸು ಬಂತು. ಸಿಟ್ಟಿನಲ್ಲಿ ಗೌಡನೇ ಗದ್ದೆಗೆ ಬಂದ. ಬೋರಕ್ಕ ಬದುವಿನ ಮೇಲೆ ಮಡಕೆ ಇಳಿಸಿ, ಸ್ವಾಮಿ, ಇನ್ನೊಂದು ಬಟ್ಟಲು ನಿಮಗೆ ಬಿಟ್ಟರೆ ಅದು ಕಡೇ ಗದ್ದೆಯಿಂದಲೇ ಬರಬೇಕು, ಯಾರದ್ದು ಕೀಳಲಿ ನೀವೇ ಹೇಳಿ, ಅವರ ಹತ್ತಿರ ಹೋಗಿ ನಿಮ್ಮ ಹೆಸರು ಹೇಳಿ ಕಿತ್ತುಕೊಂಡು ಬರ್ತೀನಿ, ಅಂದಳಂತೆ. ಗೌಡ ತನ್ನ ಪಾಲಿನ ಕಡೇ ಬಟ್ಟಲು ಮುಳುಗೋ ತನಕ ಅಲ್ಲೇ ಕೂತು ನೋಡಿದ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿಯೂ ಇಲ್ಲ. ಎದ್ದು ಹೋದ. ಆದರೆ ಅವಳ ಮೇಲಿನ ಸಿಟ್ಟು ಹೋಗಲಿಲ್ಲ.

ಇಂಥ ಬೋರಕ್ಕನಿಗೆ ಒಬ್ಬಳೇ ಮಗಳು, ಮಾಳಕ್ಕ. ಅವಳನ್ನು ಊರಲ್ಲೇ, ಗದ್ದೆ ಇಲ್ಲದ ಮನೆ ಅಂತ ಹುಡುಕಿ ಕೊಟ್ಟಳು. ಆ ಮನೆಗೆ ಇದ್ದದ್ದು ಮಳೆ ನಂಬಿದ ಹೊಲವೊಂದೇ. ಕಟ್ಟಳೆಗೆ ಎಲ್ಲೂ ತೊಡಕಾಗಬಾರದು ಅಂತ ಅಷ್ಟು ಮುಂದಾಲೋಚನೆ. ಆದರೆ ಮದುವೆಯಾದ ಮೇಲೆ ಅಳಿಯನ ಸೋದರಮಾವ, ಮಕ್ಕಳಿಲ್ಲದವನು, ಸಾಯುವಾಗ ತನ್ನ ಗದ್ದೆಯನ್ನು ಅಳಿಯನಿಗೆ ಬಿಟ್ಟುಹೋದ. ಯಾವ ಗದ್ದೆ? ಈ ಕೆರೆಯದ್ದೇ, ಕಾಲುವೆಯ ಕಟ್ಟಕಡೇ ಗದ್ದೆ. ಬೋರಕ್ಕ ಹೆದರಿ ಅರಳಿಕಟ್ಟೆಗೆ ಹೋಗಿ, ನನಗೆ ಈ ಕೆಲಸ ಬೇಡ, ಬೇರೆಯವರನ್ನು ನೋಡಿಕೊಳ್ಳಿ ಅಂದಳಂತೆ. ಊರಿನವರು ಒಪ್ಪಲಿಲ್ಲ. ಗದ್ದೆ ನಿನ್ನದಲ್ಲವಲ್ಲ, ಅಳಿಯಂದು, ಕಟ್ಟಳೆ ಎಲ್ಲಿ ಮುರೀತು, ಅಂದರು. ಅಲ್ಲೇ ಕೂತಿದ್ದ ಯಾವನೋ ಒಬ್ಬ ನಗೆಮಾತಿಗೆ, ಇನ್ನೇನು ಬಿಡಿ, ಕಡೇ ಗದ್ದೆಗೆ ಇನ್ನು ಮೇಲೆ ತಾಯಿಹಾಲೇ ಹರಿಯುತ್ತೆ, ಅಂದನಂತೆ. ಎಲ್ಲರೂ ನಕ್ಕರು. ಬೋರಕ್ಕನೂ ನಕ್ಕಳು. ಆದರೆ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು.

ಆ ವರ್ಷ ಕೆರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿತ್ತು. ಅಳೆದು ಬಿಟ್ಟರೆ ಎಲ್ಲರ ಪೈರೂ ಬದುಕುತ್ತೆ, ಕೈತಪ್ಪಿದರೆ ಒಬ್ಬರದ್ದು ಒಣಗುತ್ತೆ, ಅಷ್ಟೇ ನೀರು. ಮಗಳ ಗದ್ದೆಯ ಸರದಿ ಬಂತು. ಬೋರಕ್ಕ ಬದುವಿನ ಮೇಲೆ ಮಡಕೆ ಇಟ್ಟಳು, ಬಟ್ಟಲು ತೇಲಿಬಿಟ್ಟಳು, ಕಾಲುವೆಯಿಂದ ಗದ್ದೆಗೆ ನೀರು ಬಿಡೋ ಮಡೆ ತೆಗೆದಳು. ಅಕ್ಕಪಕ್ಕದ ಗದ್ದೆಯವರು ನಿಂತು ನೋಡುತ್ತಿದ್ದರು. ಅವರ ಕಣ್ಣು ಬಟ್ಟಲಿನ ಮೇಲಿಲ್ಲ, ತನ್ನ ಕೈ ಮೇಲಿದೆ ಅಂತ ಅವಳಿಗೆ ಅನ್ನಿಸಿತು. ಬಟ್ಟಲು ಅರ್ಧ ತುಂಬಿತ್ತು, ಇನ್ನೂ ತೇಲುತ್ತಿತ್ತು. ಬೋರಕ್ಕ ಸನಿಕೆಯಿಂದ ಮಣ್ಣು ಎಳೆದು ಮಡೆ ಮುಚ್ಚಿಬಿಟ್ಟಳು.

ಊರು ಏನಂದಿರಬೇಕು ಹೇಳಿ? ಹೊಗಳಿತು. ಬೋರಕ್ಕ ಅಂದರೆ ಬೋರಕ್ಕ, ಹೆತ್ತ ಮಗಳಿಗೂ ಅರ್ಧ ಬಟ್ಟಲು ಅಂದರು. ಅವಳ ಪಾದದ ಮಣ್ಣು ತಗೊಂಡು ಹಣೆಗೆ ಹಚ್ಚಿಕೊಂಡವರೂ ಇದ್ದರಂತೆ. ಮುಂದಿನ ಸರದಿಯಲ್ಲೂ ಅರ್ಧಕ್ಕೇ ಮುಚ್ಚಿದಳು. ಅದರ ಮುಂದಿನದರಲ್ಲೂ. ಅದೊಂದು ನೋಟವೇ ಆಗಿಹೋಯಿತಂತೆ. ಕೆಲಸ ಬಿಟ್ಟು ಜನ ಕಡೇ ಗದ್ದೆಗೆ ಬರುತ್ತಿದ್ದರು, ತಾಯಿ ಮಗಳ ಮಡೆ ಮುಚ್ಚೋದನ್ನು ನೋಡೋಕೆ. ಥೂ, ಈ ಜನ! ಇನ್ನೊಬ್ಬರ ಪೈರು ಒಣಗೋದನ್ನು ನೋಡಿ ಕೈಮುಗಿಯೋರು ಎಲ್ಲ ಕಾಲದಲ್ಲೂ ಇರ್ತಾರೆ.

ಆ ಕಡೆ ಮಾಳಕ್ಕನ ಗದ್ದೆಯಲ್ಲಿ ಪೈರು ಹಳದಿ ತಿರುಗಿತು. ಬದುವಿನ ಅಂಚಿನದ್ದು ಒಣಗಿಯೇ ಹೋಯಿತು. ಅತ್ತೆ ದಿನಾ ಬೆಳಿಗ್ಗೆ ಎದ್ದು ಅದೇ ಮಾತು. ತೂಬಿನವಳ ಮನೆಯಿಂದ ಹೆಣ್ಣು ತಂದು ನಮ್ಮ ಪಾಲಿನ ನೀರನ್ನೂ ಕಳೆದುಕೊಂಡೆವು, ಈ ಪೈರು ಕೈಗೆ ಹತ್ತದಿದ್ದರೆ ನಿಮ್ಮವ್ವನ ಹಟ್ಟಿಗೇ ನಡಿ ಅಂದಳಂತೆ. ಗಂಡ ತಲೆ ಬಗ್ಗಿಸಿ ಕೂತನಂತೆ, ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಮಾಳಕ್ಕನಿಗೆ ಆ ಗದ್ದೆ ಹೋದರೆ ಆ ಮನೆಯೇ ಹೋದ ಹಾಗೆ.

ಅವಳು ಅವ್ವನ ಹಟ್ಟಿಗೆ ಹೋಗಿ ಒಲೆ ಮುಂದೆ ಕೂತು ಕೇಳಬಹುದಿತ್ತು. ಕೇಳಲಿಲ್ಲ. ಒಲೆ ಮುಂದೆ ಕೇಳಿದರೆ ಅದು ಮಗಳು ಅವ್ವನ ಹತ್ತಿರ ಬೇಡಿಕೊಂಡ ಹಾಗೆ. ತನಗೆ ಸಲ್ಲಬೇಕಾದ್ದನ್ನು ಯಾಕೆ ಬೇಡಬೇಕು? ಮುಂದಿನ ಸರದಿಯ ದಿನ ಬಂದು ಎಲ್ಲರ ಜೊತೆ ಬದುವಿನ ಮೇಲೆ ನಿಂತಳು.

ಅವತ್ತು ಮೂಡ್ಲಗಿರಿಗೌಡನೂ ಬಂದಿದ್ದನಂತೆ. ಹೆತ್ತ ಮಗಳ ನೀರು ಕಡಿಯುವ ಹೆಂಗಸು ಇದ್ದಾಳೆ ಅನ್ನೋದನ್ನು ಅವನು ನಂಬಿರಲಿಲ್ಲ. ತನ್ನ ಕಣ್ಣಲ್ಲೇ ನೋಡಬೇಕು ಅಂತ ಬಂದವನು. ಬೋರಕ್ಕ ಮಡಕೆ ಇಟ್ಟಳು. ಬಟ್ಟಲು ತೇಲಿತು. ಮಡೆ ತೆರೆಯಿತು. ನೀರು ಬಿರುಕು ಬಿಟ್ಟ ನೆಲಕ್ಕೆ ಇಳಿಯೋಕೆ ಶುರುವಾಯಿತು. ಬಟ್ಟಲು ಅರ್ಧ ತುಂಬಿತು. ಬೋರಕ್ಕ ಸನಿಕೆ ಎತ್ತಿದಳು, ಮಣ್ಣೆಳೆದು ಮಡೆ ಮುಚ್ಚಿದಳು.

ಆಗ ಮಾಳಕ್ಕ ಎಲ್ಲರಿಗೂ ಕೇಳೋ ಹಾಗೆ ಅಂದಳಂತೆ, "ನೀರಗಂಟಮ್ಮಾ, ಬಟ್ಟಲು ಮುಳುಗಿಲ್ಲ."

ಅವ್ವ ಅನ್ನಲಿಲ್ಲ ನೋಡಿ. ನೀರಗಂಟಮ್ಮ ಅಂದಳು. ಜನ ತಿರುಗಿ ನೋಡಿದರು. ಬೋರಕ್ಕನ ಮುಖ ಬಿಳಿಚಿಕೊಂಡಿತು.

"ಮನೇಗೆ ನಡಿ ಮಾಳಿ, ಆಮ್ಯಾಕೆ ಮಾತಾಡಾನ," ಅಂದಳು.

"ಮನೇಲಿ ನಾನು ನಿನ್ ಮಗ್ಳು. ಇಲ್ಲಿ ನಾನು ಕಡೇ ಗದ್ದೆಯೋಳು. ಗೌಡ್ರ ಬಟ್ಲು ಮುಳುಗೋಗಂಟ ನೀನು ಕಾದೆ. ಊರೋರೆಲ್ರುದ್ದೂ ಮುಳುಗೋಗಂಟ ಕಾದೆ. ನಂದ್ಯಾಕೆ ಕಾಯಾಕಿಲ್ಲ? ನಿನ್ ಹೊಟ್ಟೇಲಿ ಹುಟ್ಟಿದ್ದೇ ನನ್ ತಪ್ಪಾ?"

ಯಾರೋ ಒಬ್ಬ ಹಿರಿಯ, ಬಿಡವ್ವ, ನಿಮ್ಮವ್ವ ಧರ್ಮದ ದೇವತೆ, ಅವಳಿಗೆ ಹಾಗೆಲ್ಲ ಅನ್ನಬಾರದು ಅಂತ ಸಮಾಧಾನ ಹೇಳೋಕೆ ಬಂದನಂತೆ. ಮಾಳಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಬಟ್ಟಲಿನ ಮೇಲೇ ಇತ್ತು.

ಬೋರಕ್ಕನೂ ಬಟ್ಟಲನ್ನು ನೋಡಿದಳು. ಅದು ಇನ್ನೂ ತೇಲುತ್ತಿತ್ತು. ಎಷ್ಟು ವರ್ಷ ಆ ಬಟ್ಟಲನ್ನು ನೋಡಿಕೊಂಡು ಬಂದವಳು, ಮಗಳ ಗದ್ದೆಯ ಮುಂದೆ ಮಾತ್ರ ಅದನ್ನು ನೋಡುವುದು ಬಿಟ್ಟು ಜನರ ಮುಖ ನೋಡಿದ್ದಳು. ಅದು ಅವಳಿಗೆ ಆಗ ಹೊಳೆಯಿತು. ಅವಳ ಕೈಯಿಂದ ಸನಿಕೆ ಜಾರಿತಂತೆ.

"ನನ್ ಹೆಸ್ರು ಉಳುಸ್ಕಳಾಕೆ ನಿನ್ ನೀರು ಕದ್ದೆ ಕಣವ್ವ," ಅಂದಳು. ಅಳುತ್ತಲೇ ಅಂದಳಂತೆ.

ಅಷ್ಟು ಮಾತು ಮುಗಿಯೋದಕ್ಕೂ ಡುಬಕ್ ಅನ್ನೋದಕ್ಕೂ ಸರಿಹೋಯಿತು. ಬಟ್ಟಲು ಮುಳುಗಿತು. ಮಡೆ ಮುಚ್ಚಿಯೇ ಇತ್ತು. ಮಾಳಕ್ಕನ ಪಾಲಿನ ಹೊತ್ತು ಮಾತಿನಲ್ಲೇ ಕಳೆದುಹೋಗಿತ್ತು. ಮುಳುಗಿದರೆ ಮುಗೀತು, ಅದು ಕಟ್ಟಳೆ.

ಬೋರಕ್ಕ ಕಣ್ಣೊರೆಸಿಕೊಂಡಳು. ಬಿದ್ದ ಸನಿಕೆ ಎತ್ತಿಕೊಂಡಳು. ಮತ್ತೆ ಮಡೆ ತೆರೆಯುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಅವಳು ತೆರೆಯಲಿಲ್ಲ. ಸೀದಾ ಮೂಡ್ಲಗಿರಿಗೌಡನ ಮುಂದೆ ಹೋಗಿ ನಿಂತಳು. ಆಗಿನ ಕಾಲದಲ್ಲಿ ನಮ್ಮ ಹಟ್ಟಿಯವರು ಗೌಡರ ಕೈಗೆ ಏನನ್ನೂ ಕೊಡುವ ಹಾಗಿರಲಿಲ್ಲ. ಅದಕ್ಕೇ ಸನಿಕೆಯನ್ನು ಅವನ ಕಾಲ ಮುಂದೆ ನೆಲದ ಮೇಲಿಟ್ಟಳು.

"ಗೌಡ್ರೇ, ಈ ಗದ್ದೆ ಮುಂದೆ ನನ್ ಕೈನ ನಂಬಂಗಿಲ್ಲ. ಹೆಚ್ಚಾದ್ರೂ ಕೊಡ್ತದೆ, ಕಮ್ಮಿಯಾದ್ರೂ ಕೊಡ್ತದೆ. ಸರಿಯಾಗಿ ಕೊಡಾಕೆ ಇದಕ್ಕೆ ಬರಾಕಿಲ್ಲ. ನೀವೇ ನೋಡಿ ಬಿಡಿ," ಅಂದಳಂತೆ.

ಅಷ್ಟು ಜನ ಇದ್ದರಲ್ಲ, ಅವಳನ್ನು ಪೂಜೆ ಮಾಡುವವರೇ ಇದ್ದರಲ್ಲ, ಅವರನ್ನೆಲ್ಲ ಬಿಟ್ಟು ತನ್ನ ಮೇಲೆ ಹಲ್ಲು ಕಡಿಯುವವನ ಮುಂದೆ ಯಾಕೆ ಇಟ್ಟಳು? ಅದಕ್ಕೇ ಇಟ್ಟಳು. ಅವನು ಅವಳ ಮಗಳಿಗೆ ಅಂತ ಒಂದು ಹನಿ ಹೆಚ್ಚು ಕೊಡೋನಲ್ಲ. ಅಷ್ಟು ಜನರ ಎದುರಿಗೆ ಕಮ್ಮಿ ಕೊಡೋಕೂ ಆಗೋದಿಲ್ಲ. ಅಷ್ಟು ಹೇಳಿ ಬೋರಕ್ಕ ಕಾಲುವೆ ಏರಿ ಮೇಲೆ ಹತ್ತಿಹೋಗಿ, ಗದ್ದೆಗೆ ಬೆನ್ನು ಹಾಕಿ ಕೂತುಬಿಟ್ಟಳಂತೆ. ಒಂದು ಸಲವೂ ತಿರುಗಿ ನೋಡಲಿಲ್ಲವಂತೆ.

ಗೌಡ ಸನಿಕೆ ನೋಡಿದ. ಆಮೇಲೆ ಬಗ್ಗಿ ಎತ್ತಿಕೊಂಡ. ಅಂಚಿನ ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ, ಊರ ಕಾಲುವೆಯ ಕೆಸರಿಗೆ ಇಳಿದ. ಗೌಡರ ಮನೆಯವರು ಆ ಕೆಸರಿಗೆ ಇಳಿದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಮಡಕೆಯೊಳಗೆ ಕೈಹಾಕಿ ಬಟ್ಟಲು ಎತ್ತಿ, ನೀರು ಚೆಲ್ಲಿ, ಇದು ಮಾತಿಗೆ ಮುಳುಗಿದ್ದು, ನೀರಿಗಲ್ಲ, ಇದು ಲೆಕ್ಕಕ್ಕಿಲ್ಲ, ಅಂದನಂತೆ. ಮತ್ತೆ ತೇಲಿಬಿಟ್ಟ. ಮಡೆ ತೆರೆದ. ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮಾಳಕ್ಕ ಈ ಕಡೆ, ಗೌಡ ಆ ಕಡೆ, ನಡುವೆ ಬಟ್ಟಲು. ನೀರು ಗದ್ದೆಯ ಕೊನೆಯ ಮೂಲೆಗೆ ಮುಟ್ಟಿದ ಮೇಲೆ ಡುಬಕ್ ಅಂತು. ಗೌಡ ಎದ್ದು ಮಡೆ ಮುಚ್ಚಿದ. ಆ ವರ್ಷ ಪೂರ್ತಿ ಕಡೇ ಗದ್ದೆಗೆ ನೀರು ಬಿಟ್ಟವನು ಅವನೇ ಅಂತೆ. ಆಮೇಲಾಮೇಲೆ ಕರೆಯದೇ ಬರುತ್ತಿದ್ದನಂತೆ. ಹಾಗಂತ ಹೇಳ್ತಾರೆ.

ಅಂಚಿನ ಪೈರು ಹೋಗಿತ್ತು, ಅದು ಬರಲಿಲ್ಲ. ಉಳಿದದ್ದು ತೆನೆ ಕಟ್ಟಿತು. ಸುಗ್ಗಿಯಲ್ಲಿ ಬೋರಕ್ಕ ಎಲ್ಲರ ಕಣಕ್ಕೂ ಹೋಗಿ ತನ್ನ ಹೊರೆ ತಗೊಂಡಳು, ಮಗಳ ಕಣಕ್ಕೆ ಮಾತ್ರ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂದಳಂತೆ. ಮಾಳಕ್ಕ ತಾನೇ ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ಹಟ್ಟಿಗೆ ಬಂದು ಬಾಗಿಲ ಹೊರಗೆ ಇಳಿಸಿದಳು.

"ನೀರಗಂಟಮ್ಮಾ, ಕಡೇ ಗದ್ದೆಯಿಂದ ನಿಮ್ಮ ಆಯ ಬಂದದೆ," ಅಂತ ಕೂಗಿದಳು. ಆಮೇಲೆ ಒಳಗೆ ಹೋಗಿ ಒಲೆ ಮುಂದೆ ಕೂತು, "ಅವ್ವಾ, ಹಸಿವಾಗದೆ," ಅಂದಳಂತೆ.

ಇದನ್ನು ಹೇಳುವಾಗ ನಮ್ಮಜ್ಜಿ ಪ್ರತಿ ಸಲ ಅಳುತ್ತಿದ್ದಳು. ತಡೀರಿ, ನಾನೂ ಕಣ್ಣೊರೆಸಿಕೊಳ್ತೀನಿ.

ಈಗ ಕೆರೆಯ ನೀರು ಗದ್ದೆಗೆ ಹೋಗೋದು ಅಷ್ಟಕ್ಕಷ್ಟೆ. ಆದರೆ ಬಟ್ಟಲು ಉಳಿದಿದೆ. ಒಳಗೆ ಸಭೆ ನಡೆಸುವ ಮೇಜಿನ ಮೇಲೆ ಹಿತ್ತಾಳೆಯದ್ದೊಂದು ಇದೆಯಲ್ಲ, ಪೆನ್ನು ಹಾಕಿಡೋದು ಅಂತ ಹೊಸಬರು ಅಂದುಕೊಳ್ತಾರೆ, ಅದೇ. ಬೋರಕ್ಕನ ಕೈಯ ಬಟ್ಟಲೇ ಅದು ಅಂತ ನಾನು ಆಣೆ ಮಾಡೋದಿಲ್ಲ. ಯಾವ ಕಾಲದಲ್ಲೋ ಒಮ್ಮೆ ಕಳೆದುಹೋಗಿ ತುಮಕೂರಿನಿಂದ ಬೇರೆ ತಂದರು ಅಂತಲೂ ಹೇಳ್ತಾರೆ. ಸಭೆ ನಡೆಸುವವರ ಮುಂದೆ ಅದು ಇರುತ್ತೆ. ಅವರ ಅಣ್ಣತಮ್ಮಂದಿರ ವಿಷಯವೋ, ಮಕ್ಕಳ ವಿಷಯವೋ ಬಂದರೆ ಬಟ್ಟಲನ್ನು ತಮಗೆ ಆಗದವರ ಕೈಗೆ ಕೊಟ್ಟು, ಎದ್ದು ಹೊರಗೆ ಬಂದು, ಇದೇ ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರಬೇಕು. ಯಾವ ಕಾನೂನಿನಲ್ಲೂ ಹೀಗೇ ಮಾಡಿ ಅಂತ ಬರೆದಿಲ್ಲ. ಹೋದ ತಿಂಗಳು ಅಧ್ಯಕ್ಷೆ ಪುಟ್ಟಗೌರಮ್ಮ, ಆ ಗೌಡರ ಮನೆತನದವಳೇ, ತಮ್ಮನ ಮಗನ ನಲ್ಲಿ ಅರ್ಜಿ ಬಂತು ಅಂತ ಎದ್ದು ಬಂದು ನನ್ನ ಪಕ್ಕ ಕೂತು ಕಡಲೆಕಾಯಿ ಬಿಡಿಸಿ ತಿಂದಳು. ಬಟ್ಟಲನ್ನು ಕೊಟ್ಟು ಬಂದದ್ದು ನಮ್ಮ ಹಟ್ಟಿಯ ಮೆಂಬರಿಗೆ, ಚುನಾವಣೆಯಲ್ಲಿ ಅವಳ ಮೇಲೆ ಕೂಗಾಡಿದವನಿಗೆ. ನೆಲದ ಮೇಲಿಡಲಿಲ್ಲ, ಕೈಯಿಂದ ಕೈಗೇ ಕೊಟ್ಟಳು. ಅಷ್ಟಕ್ಕೆ ಈ ಊರಿಗೆ ಎಷ್ಟು ಕಾಲ ಹಿಡಿಯಿತೋ! ನಲ್ಲಿ ಕೊಡಬೇಕಾದ್ದೇ ಆಗಿತ್ತು, ಕೊಟ್ಟರು. ಅಧ್ಯಕ್ಷೆಯ ತಮ್ಮನ ಮಗ ಅಂತ ತಡೆಯಲೂ ಇಲ್ಲ.

ಇನ್ನೊಂದು ಮಾತೂ ಉಳಿದಿದೆ. ಸಲ್ಲಬೇಕಾದ್ದು ಯಾರಿಗಾದರೂ ಸಲ್ಲದೆ ಹೋದರೆ, ಅದು ರೇಷನ್ನಾಗಲಿ, ಪಿಂಚಣಿಯಾಗಲಿ, ಈ ಊರಿನವರು ಜಗಳ ಮಾಡೋದಿಲ್ಲ, ಕಾಲು ಹಿಡಿಯೋದೂ ಇಲ್ಲ. ನೆಟ್ಟಗೆ ನಿಂತು ಒಂದೇ ಮಾತು ಹೇಳ್ತಾರೆ.

ಅಗೋ, ಫ್ಯಾನು ತಿರುಗಿತು, ಕರೆಂಟು ಬಂತು. ಏಳವ್ವ, ನಿನ್ನ ಸರದಿಯೇ ಮೊದಲು. ಹೊತ್ತಾಯ್ತು ನಾಳೆ ಬಾ ಅಂತ ಆ ಹುಡುಗಿ ಅಂದರೆ ಬೇಡಿಕೊಳ್ಳಬೇಡ. ಬಟ್ಟಲು ಮುಳುಗಿಲ್ಲ ಅನ್ನು. ಅವಳೂ ಈ ಊರಿನವಳೇ.